ಪದ್ಮಿನಿಯ ಇಂಜಿನ್ ಮೌಂಟಿಂಗ್‌ಗೆ ಟೈರ್ ತುಂಡು ಬೇಡ

ಪ್ರಶ್ನೆ: ಅಪ್ಪ ಬಿಟ್ಟುಹೋದ 1978ರ ಪ್ರೀಮಿಯರ್ ಪದ್ಮಿನಿ ನನ್ನ ಹತ್ತಿರ ಇದೆ. ಸಿಗ್ನಲ್‌ನಲ್ಲಿ ನಿಂತಾಗ ಸ್ಟೇರಿಂಗ್, ಗೇರ್ ಲಿವರ್ ಎರಡೂ ಗಡಗಡ ನಡುಗುತ್ತವೆ. ಕ್ಲಚ್ ಬಿಟ್ಟು ಗಾಡಿ ಎತ್ತುವಾಗ ಮುಂದುಗಡೆ ‘ದಡ್’ ಅಂತ ಶಬ್ದ. ಮೌಂಟಿಂಗ್ ಹೋಗಿದೆ, ಲಾರಿ ಟೈರ್ ಕತ್ತರಿಸಿ ಕೂರಿಸಿಕೊಡ್ತೀನಿ ಅಂತಾರೆ ಮೆಕ್ಯಾನಿಕ್. ಹಾಕಿಸಲೇ?
– ಓದುಗರು, ಬಸವನಗುಡಿ

ಉತ್ತರ: ದಯವಿಟ್ಟು ಬೇಡ. ಇಂಜಿನ್ನನ್ನು ಕಾರಿಗೆ ಹಿಡಿದಿಡುವ ಮೌಂಟಿಂಗ್‌ನ ರಬ್ಬರು ಎರಡೂ ಕಡೆಯ ಕಬ್ಬಿಣದ ಪಟ್ಟಿಗೆ ಬಿಸಿ ಮತ್ತು ಒತ್ತಡದಲ್ಲಿ ಬೆಸೆದುಕೊಂಡಿರುತ್ತೆ. ಇಂಜಿನ್ ಹೊರಳಿದಾಗ ತಾನು ಎಳೆದುಕೊಂಡು ಮತ್ತೆ ಜಾಗಕ್ಕೆ ತರುತ್ತೆ. ಟೈರ್ ತುಂಡಿಗೆ ಆ ಬೆಸುಗೆಯೂ ಇಲ್ಲ, ಆ ಮೆದುತನವೂ ಇಲ್ಲ.

ಬರೀ ನಡುಕ ಆಗಿದ್ದರೆ ಮೊದಲು ಕಿಡಿ ಹೊತ್ತಿಸುವ ಪ್ಲಗ್, ಪಾಯಿಂಟ್ ನೋಡಿಸಿ ಅನ್ನುತ್ತಿದ್ದೆ. ಒಂದು ಸಿಲಿಂಡರ್ ಮಿಸ್ ಹೊಡೆದರೂ ಹಾಗೇ ನಡುಗುತ್ತೆ. ಆದರೆ ‘ದಡ್’ ಶಬ್ದ ಮೌಂಟಿಂಗ್ ಕಡೆಗೇ ಕೈ ತೋರಿಸುತ್ತೆ. ಖಾತ್ರಿ ಮಾಡಿಕೊಳ್ಳಿ. ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಬಾನೆಟ್ ಎತ್ತಿ. ಅನುಭವಸ್ಥರೊಬ್ಬರು ಬ್ರೇಕ್ ಒತ್ತಿಕೊಂಡೇ ಫಸ್ಟ್ ಗೇರ್‌ನಲ್ಲಿ ಕ್ಲಚ್ ಸ್ವಲ್ಪ ಹಿಡಿಸಲಿ, ಆಮೇಲೆ ರಿವರ್ಸ್‌ನಲ್ಲಿ. ನೀವು ಪಕ್ಕದಲ್ಲಿ ನಿಂತು ನೋಡಿ. ಕಾರಿನ ಮುಂದೆ, ಹಿಂದೆ ಯಾರೂ ನಿಲ್ಲಬಾರದು. ರಬ್ಬರು ಹರಿದಿದ್ದರೆ ಇಂಜಿನ್ ಒಂದು ಪಕ್ಕ ಎದ್ದು ಧೊಪ್ಪನೆ ಕೂರುತ್ತೆ, ಪಟ್ಟಿಯ ಹತ್ತಿರ ಸೀಳು ಬಾಯಿ ಬಿಡೋದು ಕಣ್ಣಿಗೇ ಕಾಣುತ್ತೆ.

ರಬ್ಬರು ಯಾಕೆ ಹೋಯಿತು ಅನ್ನೋದನ್ನೂ ನೋಡಿ. ಒಣಗಿ ಬಿರುಕು ಬಿಟ್ಟಿದ್ದರೆ ವಯಸ್ಸು. ಉಬ್ಬಿ, ಮೆತ್ತಗಾಗಿ, ಬೆರಳಿಗೆ ಕಪ್ಪು ಅಂಟಿದರೆ ಆಯಿಲ್ ಸೋರಿ ಅದರ ಮೇಲೆ ಬೀಳುತ್ತಿದೆ ಅಂತಲೇ ಅರ್ಥ. ಸೋರಿಕೆ ನಿಲ್ಲಿಸದೆ, ಅಂದರೆ ಇಂಜಿನ್ ಮೇಲಿನ ಟ್ಯಾಪೆಟ್ ಕವರ್ ಪ್ಯಾಕಿಂಗ್ ಸೋರುತ್ತಿದ್ದರೆ ಅದನ್ನು ಬದಲಿಸದೆ, ಹೊಸ ಮೌಂಟಿಂಗ್ ಹಾಕಿದರೆ ಅದಕ್ಕೂ ಅದೇ ಗತಿ.

ಹೊಸ ಮೌಂಟಿಂಗ್‌ಗೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ. ‘ಹಳೇ ಸ್ಟಾಕು, ಒರಿಜಿನಲ್’ ಅಂದ ಕೂಡಲೇ ಮನಸೋಲಬೇಡಿ. ಪದ್ಮಿನಿ ತಯಾರಿ ನಿಂತೇ ಇಪ್ಪತ್ತು ವರ್ಷದ ಮೇಲಾಯಿತು, ಡಬ್ಬಿಯೊಳಗೇ ರಬ್ಬರಿಗೆ ವಯಸ್ಸಾಗಿರುತ್ತೆ. ಉಗುರು ಒತ್ತಿದರೆ ತಗ್ಗಿ ಮತ್ತೆ ಎದ್ದು ಬರಬೇಕು. ಸಿಗದಿದ್ದರೆ ಹಳೇ ಕಬ್ಬಿಣದ ಪಟ್ಟಿಗಳನ್ನು ಗುಜರಿಗೆ ಹಾಕದೆ ಪೀಣ್ಯದ ರಬ್ಬರ್ ಮೋಲ್ಡಿಂಗ್ ಮಾಡುವವರ ಹತ್ತಿರ ಒಯ್ಯಿರಿ. ಹೊಸ ರಬ್ಬರು ಬೆಸೆಯಬಹುದು. ನನಗೆ ಇದೇ ಇಷ್ಟ, ಬೋಲ್ಟಿನ ತೂತುಗಳು ಇದ್ದಲ್ಲೇ ಇರುತ್ತವೆ. ಗಡಸುತನ ಶೋರ್ ‘ಎ’ ಅಳತೆಯಲ್ಲಿ 50ರಿಂದ 60ರೊಳಗೆ ಇರಲಿ ಅಂತ ಹೇಳಿ. ರಬ್ಬರಿನ ಬದಲು ಪಾಲಿಯುರೆಥೇನ್ ಗಟ್ಟಿ ಅಂತ ಆಸೆ ಹುಟ್ಟಿಸಿದರೂ ಬೇಡ, ಇಡೀ ಕಾರು ಗುಂಯ್‌ಗುಡುತ್ತೆ. ಮುಂದಿನವು ಎರಡನ್ನೂ ಜೊತೆಗೇ ಬದಲಿಸಿ, ಗೇರ್‌ಬಾಕ್ಸ್ ಕೆಳಗಿನದನ್ನೂ ನೋಡಿಸಿ.

ಬಿಚ್ಚುವಾಗ ಇಂಜಿನ್ ತಳದ ಆಯಿಲ್ ಸಂಪ್ ಕೆಳಗೆ ದಪ್ಪ ಹಲಗೆ ಕೊಟ್ಟು, ಭಾರ ಬಿಡುವಷ್ಟೇ ಜಾಕ್ ಎತ್ತಲಿ. ಹೆಚ್ಚಾದರೆ ಫ್ಯಾನು ರೇಡಿಯೇಟರಿಗೆ ತಗಲುತ್ತೆ. ಇಂಜಿನ್ ತನ್ನ ಭಾರದಲ್ಲಿ ಕೂತ ಮೇಲೆ ಬೋಲ್ಟ್ ಪೂರ್ತಿ ಬಿಗಿಸಲಿ. ಇಂಜಿನ್‌ನಿಂದ ಕಾರಿನ ಬಾಡಿಯ ತನಕ ಹೋಗುವ ಅರ್ತ್ ಪಟ್ಟಿಯನ್ನು ಮರೆಯದೆ ನೋಡಿ. ಇಂಜಿನ್ ಕುಣಿದು ಕುಣಿದು ಅದು ತುಂಡಾಗಿರಬಹುದು. ನಡುವೆ ರಬ್ಬರು ಇರೋದರಿಂದ ಸ್ಟಾರ್ಟರ್ ಕರೆಂಟಿಗೆ ಬೇರೆ ಸರಿಯಾದ ದಾರಿ ಇಲ್ಲ. ಪಟ್ಟಿ ತುಂಡಾಗಿದ್ದರೆ ಕರೆಂಟು ಚೋಕ್ ಕೇಬಲ್ ಮೂಲಕ ಹರಿದು ಅದನ್ನು ಸುಟ್ಟುಬಿಡಬಹುದು.