ಹಳದಿಯಾದ ದಂತದ ಕೆತ್ತನೆಯನ್ನು ತೊಳೆಯಬೇಡಿ, ದಯವಿಟ್ಟು

ವಿದೇಶಿ ನಿಯೋಗ ನಿಮ್ಮ ಕಚೇರಿಗೆ ಕೊಟ್ಟ ದಂತದ ಕೆತ್ತನೆ ಹಳದಿಯಾಗಿದೆ, ಸೋಪು ನೀರಲ್ಲಿ ತೊಳೆದರೆ ಬೆಳ್ಳಗಾಗುತ್ತದಾ ಅಂತ ಕೇಳಿದ್ದೀರಿ. ತೊಳೆಯಬೇಡಿ. ನಾನು ತೊಳೆದಿದ್ದೆ.

ಆಗ ನಮ್ಮ ಕಚೇರಿಯಲ್ಲಿ ಇಂಥ ಉಡುಗೊರೆಗಳ ಕಪಾಟಿನ ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು. ಅದರೊಳಗೆ ಒಂದು ದಂತದ ದೋಣಿ. ಮೊಳದುದ್ದ, ಏಳು ಜನ ಅಂಬಿಗರು, ಬಲೆಯ ಒಂದೊಂದು ಕಣ್ಣನ್ನೂ ಬಿಡದೆ ಕೊರೆದಿದ್ದರು. ಕೊಟ್ಟ ದೇಶದವರೇ ಮತ್ತೆ ಬರುವವರಿದ್ದರು. ಮಾಸಲು ದೋಣಿ ನೋಡಿ ಏನಂದುಕೊಳ್ಳುತ್ತಾರೋ ಅಂತ ಹಿಂದಿನ ದಿನ ಅದನ್ನು ಟಬ್ಬಿನ ಸೋಪು ನೀರಲ್ಲಿ ಅರ್ಧ ಗಂಟೆ ನೆನೆಸಿ, ಟೂತ್ ಬ್ರಷ್ಷಿನಲ್ಲಿ ಉಜ್ಜಿ, ಬೇಗ ಒಣಗಲಿ ಅಂತ ಕಿಟಕಿಯ ಬಿಸಿಲಿಗೆ ಇಟ್ಟೆ.

ದಂತ ನೋಡೋಕೆ ಕಲ್ಲಿನ ಹಾಗಿದ್ದರೂ ಅದು ಹಲ್ಲು, ಅಲ್ವಾ? ಒಳಗೆ ಪದರ ಪದರ, ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು. ನೀರು ಕುಡಿದು ಉಬ್ಬುತ್ತದೆ, ಅದೂ ಎಲ್ಲ ದಿಕ್ಕಿಗೂ ಒಂದೇ ಸಮ ಉಬ್ಬುವುದಿಲ್ಲ. ಬಿಸಿಲಿಗೆ ಮೇಲಿನ ಪದರ ಮೊದಲು ಒಣಗಿ ಕುಗ್ಗಿತು, ಒಳಗಿನದು ಇನ್ನೂ ಉಬ್ಬಿಯೇ ಇತ್ತು. ಸಂಜೆಗೆ ದೋಣಿಯ ಮೂತಿಯಿಂದ ನಡುವಿನವರೆಗೆ ಕೂದಲೆಳೆಯಂಥ ಬಿರುಕು. ಬಿಡಿ ತುಂಡುಗಳನ್ನು ಅಂಟಿಸಿದ್ದ ಹಳೆಯ ಅಂಟು ನೀರಿಗೆ ಕರಗಿಹೋಗಿತ್ತು. ಟಬ್ಬಿನ ನೀರು ಚೆಲ್ಲುವಾಗ ತಳದಲ್ಲಿ ಒಂದು ಹುಟ್ಟು ಸಿಕ್ಕಿತು, ಅಂಬಿಗನ ಕೈಬೆರಳು ಇನ್ನೂ ಅದನ್ನು ಹಿಡಿದುಕೊಂಡಿದ್ದವು.

ಬರೀ ಒಣ ಬಟ್ಟೆಯಲ್ಲಿ ಒರೆಸಿದ್ದರೆ ಏನೂ ಆಗುತ್ತಿರಲಿಲ್ಲ.

ಅಷ್ಟಕ್ಕೂ ಬೆಳ್ಳಗೆ ಯಾಕಾಗಬೇಕು? ಹಳದಿ ಕೊಳೆಯಲ್ಲ, ಅದರ ವಯಸ್ಸು. ಕತ್ತಲಲ್ಲಿ ಇಟ್ಟ ದಂತ ಜಾಸ್ತಿ ಹಳದಿಯಾಗುತ್ತದೆ, ಬೆಳಕಲ್ಲಿ ಇಟ್ಟದ್ದು ಬಿಳಿಚುತ್ತದೆ. ಬ್ಲೀಚ್ ಹಾಕಿದರೆ ಬಣ್ಣದ ಜೊತೆ ಮೇಲ್ಮೈಯೂ ಹಾಳು.

ಇನ್ನೊಂದು ಮಾತು. 1974ರಲ್ಲಿ ಚೀನಾ ವಿಶ್ವಸಂಸ್ಥೆಗೆ ಚೆಂಗ್ಡು-ಕುನ್ಮಿಂಗ್ ರೈಲು ಮಾರ್ಗದ ದಂತದ ಕೆತ್ತನೆ ಕೊಟ್ಟಿತು. ಎಂಟು ದಂತ, 98 ಜನರ ಎರಡು ವರ್ಷಕ್ಕೂ ಹೆಚ್ಚಿನ ಕೆಲಸ, ರೈಲಿನೊಳಗೂ ಪುಟಾಣಿ ಜನ. ಮರುವರ್ಷವೇ ಅಳಿವಿನಂಚಿನ ಪ್ರಾಣಿ, ಸಸ್ಯಗಳನ್ನು ದೇಶದಿಂದ ದೇಶಕ್ಕೆ ಮಾರುವುದಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದ ಜಾರಿಗೆ ಬಂದು ಏಷ್ಯಾದ ಆನೆಯ ದಂತದ ವ್ಯಾಪಾರಕ್ಕೆ ತಡೆ ಬಿತ್ತು, 1989ರಲ್ಲಿ ಆಫ್ರಿಕಾದ ಆನೆಯೂ ಆ ತಡೆಯ ಪಟ್ಟಿಗೆ ಸೇರಿತು, 2017ರ ಕೊನೆಗೆ ಚೀನಾ ತನ್ನೊಳಗಿನ ಮಾರಾಟವನ್ನೂ ನಿಲ್ಲಿಸಿತು. ಒಳ್ಳೆಯದೇ ಆಯಿತು, ಇನ್ನು ಮುಂದೆ ಇಂಥದ್ದಕ್ಕಾಗಿ ಒಂದು ಆನೆಯೂ ಸಾಯಬಾರದು. ಆದರೆ ಸತ್ತ ಆನೆಯದು ನಿಮ್ಮ ಕೈಯಲ್ಲಿದೆಯಲ್ಲ, ಅದನ್ನು ಸೋಪು ಹಾಕಿ ಒಡೆಯುವುದು ನನಗೆ ಸಹಿಸೋಕೆ ಆಗುವುದಿಲ್ಲ.

ಮೆತ್ತಗಿನ ಒಣ ಬ್ರಷ್ಷಿನಲ್ಲಿ ಧೂಳು ತೆಗೆಯಿರಿ, ಸಾಕು. ಗಾಜಿನ ಪೆಟ್ಟಿಗೆಯೊಳಗೆ ಬಿಸಿಯಾಗುವ ಬಲ್ಬ್ ಬೇಡ, ಎಸಿ ಗಾಳಿ ನೇರ ಬೀಳುವ ಜಾಗವೂ ಬೇಡ. ಶುರು ಮಾಡುವ ಮೊದಲು ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಒಂದೇ ಒಂದು ಬಿರುಕು ಕಂಡರೂ ಬ್ರಷ್ ಕೆಳಗಿಟ್ಟು ಮ್ಯೂಸಿಯಂ ವಸ್ತುಗಳನ್ನು ದುರಸ್ತಿ ಮಾಡುವವರನ್ನು ಕರೆಸಿ.