ಸಲಹೆ ಕೇಳಿದ ಮೇಲೆ ಉತ್ತರವನ್ನೂ ಕೊಡಬೇಕು

ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಕಳೆದ ಸಂಚಿಕೆಯ ನಗರಾಡಳಿತದ ಲೇಖನದಲ್ಲಿ ಅಮೆರಿಕದ ನೆರೆಹೊರೆ ಸಲಹಾ ಮಂಡಳಿಗಳ ಬಗ್ಗೆ, ಅಂದರೆ ಬಡಾವಣೆಯ ಜನರೇ ಕೂತು ನಗರಾಡಳಿತಕ್ಕೆ ಸಲಹೆ ಕೊಡುವ ಸಮಿತಿಗಳ ಬಗ್ಗೆ, ಎರಡು ಸಾಲು ಬಂದಿತ್ತು. ಅದನ್ನೇ ಹಿಡಿದು ನೀವು ಕೇಳಿದ್ದೀರಿ: ‘ಈ ಮಂಡಳಿಗಳು ಕಾನೂನು ಮಾಡುವಂತಿಲ್ಲ, ತೆರಿಗೆ ಹಾಕುವಂತಿಲ್ಲ, ಒಂದು ಲೈಸೆನ್ಸ್ ಕೂಡ ತಡೆಯುವಂತಿಲ್ಲ. ಬರೀ ಸಲಹೆ. ಆ ಸಲಹೆಯನ್ನು ಮೂಲೆಗೆ ಎಸೆದರೆ ಕೇಳೋರು ಯಾರು? ಇದು ಜನರ ಬಾಯಿ ಮುಚ್ಚಿಸುವ ನಯವಾದ ದಾರಿ ಅಲ್ವಾ?’ ಕೊನೆಯಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಒಂದು ಮಂಡಳಿ ನಿಜವಾಗಿ ಕೆಲಸ ಮಾಡುತ್ತಿದೆಯೋ, ಹೆಸರಿಗೆ ಮಾತ್ರ ಇದೆಯೋ ಅಂತ ಗುರುತಿಸೋದು ಹೇಗೆ ಅಂತ.

ನಿಮ್ಮ ಅನುಮಾನ ಹೊಸದಲ್ಲ, ತಪ್ಪೂ ಅಲ್ಲ. ಅಮೆರಿಕದ ಕೇಂದ್ರ ವಸತಿ ಇಲಾಖೆಯಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಯ ಬಗ್ಗೆ ಸಲಹೆಗಾರರಾಗಿದ್ದ ಶೆರಿ ಆರ್ನ್‌ಸ್ಟೈನ್ 1969ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದರು. ಜನರ ಪಾಲ್ಗೊಳ್ಳುವಿಕೆಯನ್ನು ಅವರು ಎಂಟು ಮೆಟ್ಟಿಲಿನ ಏಣಿಯಾಗಿ ಬಿಡಿಸಿದರು. ಹೇಳಿದ್ದಕ್ಕೆಲ್ಲ ಮುದ್ರೆ ಒತ್ತುವ ಸಲಹಾ ಸಮಿತಿಗಳನ್ನು ಅವರು ಇಟ್ಟಿದ್ದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ. ಒಳಗಿದ್ದು ನೋಡಿದವರೇ ಹೀಗೆ ಬರೆದ ಮೇಲೆ ನಿಮ್ಮನ್ನು ಸಿನಿಕರು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಎಲ್ಲ ಸಲಹಾ ಮಂಡಳಿಗಳೂ ಒಂದೇ ಜಾತಿಯವಲ್ಲ. ನನ್ನ ಮಟ್ಟಿಗೆ ನೋಡಬೇಕಾದ್ದು ಒಂದೇ ಸಂಗತಿ. ಮಂಡಳಿ ಬರೆದು ಕೊಟ್ಟ ಮಾತಿಗೆ ಆಡಳಿತ ಬರೆದು ಉತ್ತರ ಕೊಡಲೇಬೇಕಾ, ಬೇಡವಾ? ಕೊಡಲೇಬೇಕು ಅಂತ ನಿಯಮ ಇದ್ದರೆ ಸಲಹೆಗೆ ತೂಕ ಬರುತ್ತದೆ. ಇಲ್ಲದಿದ್ದರೆ ನೀವು ಹೇಳಿದ್ದೇ ಸರಿ.

ವಾಷಿಂಗ್ಟನ್ ಡಿ.ಸಿ. ನೋಡಿ. ಅಲ್ಲಿ 1970ರ ದಶಕದಿಂದ ನೆರೆಹೊರೆ ಸಲಹಾ ಆಯೋಗಗಳಿವೆ. ಜನ ಅವನ್ನು ಎಎನ್‌ಸಿ ಅಂತ ಕರೆಯುತ್ತಾರೆ. ಸುಮಾರು 2 ಸಾವಿರ ಜನರಿರುವ ಒಂದೊಂದು ಸಣ್ಣ ಭಾಗಕ್ಕೆ ಒಬ್ಬ ಸದಸ್ಯ. ಎರಡು ವರ್ಷಕ್ಕೊಮ್ಮೆ ಚುನಾವಣೆ. ಪಕ್ಷದ ಚಿಹ್ನೆ ಇಲ್ಲ, ಸಂಬಳವೂ ಇಲ್ಲ. ನಾಲ್ಕು ಬೀದಿ ಸುತ್ತಿದರೆ ಮತದಾರರೆಲ್ಲ ಸಿಕ್ಕಿಬಿಡುವಷ್ಟು ಚಿಕ್ಕ ಕ್ಷೇತ್ರ.

ಅಂಥ ಒಂದು ಬೀದಿಯಲ್ಲಿ ಯಾರೋ ಬಾರ್ ತೆರೆಯಲು ಅರ್ಜಿ ಹಾಕುತ್ತಾರೆ ಅಂದುಕೊಳ್ಳಿ. ಲೈಸೆನ್ಸ್ ಕೊಡುವ ಮಂಡಳಿ ಗುಟ್ಟಾಗಿ ಸಹಿ ಹಾಕುವಂತಿಲ್ಲ, ಎಎನ್‌ಸಿಗೆ ಮೊದಲೇ ನೋಟಿಸ್ ಕೊಡಬೇಕು. ಆಯೋಗ ಬಹಿರಂಗ ಸಭೆ ಕರೆಯುತ್ತದೆ. ಅರ್ಜಿದಾರರು ನಕ್ಷೆ ಹಿಡಿದುಕೊಂಡು ಬರುತ್ತಾರೆ. ಮೇಲಿನ ಮಹಡಿಯಲ್ಲಿ ಮಗು ಮಲಗಿಸುವವರು ಬರುತ್ತಾರೆ. ಕಸದ ಡಬ್ಬಿ ಎಲ್ಲಿಡ್ತೀರಿ, ಸಂಗೀತ ಎಷ್ಟು ಹೊತ್ತಿಗೆ ನಿಲ್ಲಿಸ್ತೀರಿ, ಹೊರಗೆ ಕುರ್ಚಿ ಹಾಕಿದರೆ ಕಾಲುದಾರಿಯಲ್ಲಿ ಗಾಲಿಕುರ್ಚಿ ಹೋಗೋಕೆ ಜಾಗ ಉಳಿಯುತ್ತಾ ಅಂತೆಲ್ಲ ಪ್ರಶ್ನೆ ಬರುತ್ತವೆ. ಚರ್ಚೆ ಮುಗಿದ ಮೇಲೆ ಕೋರಂ ಇದ್ದರೆ ಮತಕ್ಕೆ ಹಾಕಿ, ಠರಾವು ಬರೆದು ಕಳಿಸುತ್ತಾರೆ.

ಅಲ್ಲಿಂದ ಮುಂದಿನದೇ ಮುಖ್ಯ. ಆ ಠರಾವಿನಲ್ಲಿ ಎತ್ತಿದ ವಿಷಯಗಳಿಗೆ ಇಲಾಖೆಗಳು ‘ಹೆಚ್ಚಿನ ತೂಕ’ ಕೊಡಬೇಕು ಅಂತ ಅಲ್ಲಿನ ಕಾನೂನು ಹೇಳುತ್ತದೆ. ತೂಕ ಅಂದರೆ ಎಷ್ಟು? 1977ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಒಂದು ಮದ್ಯ ಲೈಸೆನ್ಸಿನ ಮೊಕದ್ದಮೆಯಲ್ಲೇ ಇದನ್ನು ಬಿಡಿಸಿ ಹೇಳಿತು. ಆಯೋಗ ಹೇಳಿದಂತೆ ಇಲಾಖೆ ಕುಣಿಯಬೇಕಾಗಿಲ್ಲ. ಆದರೆ ‘ಪರಿಶೀಲಿಸಲಾಯಿತು’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಎತ್ತಿದ ಒಂದೊಂದು ಆತಂಕವನ್ನೂ ಹೆಸರಿಸಿ, ಅದು ಯಾಕೆ ಒಪ್ಪಿಗೆ, ಯಾಕೆ ಒಪ್ಪಿಗೆಯಿಲ್ಲ ಅಂತ ಕಾರಣ ಬರೆಯಬೇಕು. ಬರೆಯದಿದ್ದರೆ ಆ ಆದೇಶ ನ್ಯಾಯಾಲಯದಲ್ಲಿ ಬಿದ್ದುಹೋಗಬಹುದು.

ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದರ ಬಿಸಿ ಗೊತ್ತು. ‘ಇಲ್ಲ’ ಅನ್ನೋದು ಸುಲಭ. ‘ಇಲ್ಲ, ಯಾಕೆಂದರೆ’ ಅಂತ ಬರೆದು ಸಹಿ ಹಾಕೋದು ಕಷ್ಟ. ಅದಕ್ಕೇ ಬಾರ್ ತೆರೆಯುವವರು ಎಷ್ಟೋ ಸಲ ಜಗಳಕ್ಕೆ ನಿಲ್ಲದೆ ಆಯೋಗದ ಜೊತೆ ಕೂತು ಒಪ್ಪಂದ ಮಾಡಿಕೊಳ್ಳುತ್ತಾರೆ. ಇಷ್ಟು ಗಂಟೆಗೆ ಸಂಗೀತ ಬಂದ್, ಇಷ್ಟು ಹೊತ್ತಿಗೆ ಕಸ ಹೊರಗೆ. ಲೈಸೆನ್ಸ್ ಮಂಡಳಿ ಒಪ್ಪಿದರೆ ಅದು ಲೈಸೆನ್ಸಿನ ಷರತ್ತೇ ಆಗುತ್ತದೆ. ಮುರಿದರೆ ಕ್ರಮ. ಅಧಿಕಾರವೇ ಇಲ್ಲದ ಆಯೋಗದ ಸಭೆಯಲ್ಲಿ ಹುಟ್ಟಿದ ಮಾತು ಕಾನೂನಿನ ಬಲ ಪಡೆಯೋದು ಹೀಗೆ.

ನ್ಯೂಯಾರ್ಕಿನದು ಬೇರೆ ವ್ಯವಸ್ಥೆ. ಅಲ್ಲಿ 59 ಸಮುದಾಯ ಮಂಡಳಿಗಳಿವೆ. ಒಂದೊಂದರಲ್ಲಿ ಹೆಚ್ಚೆಂದರೆ 50 ಜನ. ಚುನಾವಣೆ ಇಲ್ಲ. ನಗರದ ದೊಡ್ಡ ವಿಭಾಗಕ್ಕೆ ಅಲ್ಲಿ ‘ಬರೋ’ ಅನ್ನುತ್ತಾರೆ, ಅದರ ಅಧ್ಯಕ್ಷರು ನೇಮಿಸುತ್ತಾರೆ. ಅರ್ಧದಷ್ಟು ಹೆಸರುಗಳನ್ನು ಸಿಟಿ ಕೌನ್ಸಿಲ್‌ನ (ನಗರದ ಚುನಾಯಿತ ಸಭೆಯ) ಆ ಭಾಗದ ಸದಸ್ಯರು ಸೂಚಿಸುತ್ತಾರೆ. ನೇಮಿಸಿದವರ ಮುಖ ನೋಡಿ ಮಾತಾಡುವ ಅಪಾಯ ಇದ್ದೇ ಇದೆ. ಒಬ್ಬರೇ ದಶಕಗಟ್ಟಲೆ ಕುರ್ಚಿ ಬಿಡದೆ ಕೂರುವುದೂ ಇತ್ತು. 2018ರಲ್ಲಿ ಮತದಾರರು ಅದಕ್ಕೆ ಮಿತಿ ಹಾಕಿದರು. ಈಗ ಸತತವಾಗಿ ಎರಡೆರಡು ವರ್ಷದ ನಾಲ್ಕು ಅವಧಿ, ಅಷ್ಟೇ.

ಈ ಮಂಡಳಿಗಳ ಬಲ ಇರೋದು ಸರದಿಯಲ್ಲಿ. ಜಾಗದ ಬಳಕೆ ಬದಲಿಸುವ ದೊಡ್ಡ ಅರ್ಜಿ ಬಂದರೆ ಅಧಿಕೃತ ವಿಚಾರಣೆಯಲ್ಲಿ ಮೊದಲ ಮಾತು ಮಂಡಳಿಯದು. 60 ದಿನ ಕಾಲಾವಕಾಶ. ಆಮೇಲೆ ‘ಬರೋ’ ಅಧ್ಯಕ್ಷರು, ಯೋಜನಾ ಆಯೋಗ, ಕೊನೆಗೆ ಸಿಟಿ ಕೌನ್ಸಿಲ್. ಮಂಡಳಿ ‘ಬೇಡ’ ಅಂದರೂ ಕಟ್ಟಡ ಏಳಬಹುದು. ಆದರೆ ಮೊದಲ ಸಭೆಯಲ್ಲಿ ಬಂದ ಆಕ್ಷೇಪಗಳು ಕಡತದ ಜೊತೆಗೇ ಮೇಲಕ್ಕೆ ಹೋಗುತ್ತವೆ. ಕೌನ್ಸಿಲ್ ಸದಸ್ಯರು ಬಿಲ್ಡರ್ ಜೊತೆ ಚೌಕಾಸಿಗೆ ಕೂತಾಗ ಅವೇ ಕೈಗೆ ಸಿಗುವ ಪಟ್ಟಿ.

ಇನ್ನೊಂದು ಏರ್ಪಾಡು ನನಗೆ ಇದಕ್ಕಿಂತ ಇಷ್ಟ, ಯಾಕೋ ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ಪ್ರತಿ ಮಂಡಳಿಗೂ ಸಂಬಳದ ಮೇಲೆ ಒಬ್ಬ ಜಿಲ್ಲಾ ಮ್ಯಾನೇಜರ್ ಇರುತ್ತಾರೆ. ಪೊಲೀಸ್, ಕಸ, ಪಾರ್ಕು, ರಸ್ತೆ, ಹೀಗೆ ಆ ಭಾಗದ ಇಲಾಖೆಗಳ ಅಧಿಕಾರಿಗಳನ್ನು ಅವರು ಒಂದೇ ಮೇಜಿನ ಸುತ್ತ ಕೂರಿಸುತ್ತಾರೆ. ರಸ್ತೆಯವರು ಡಾಂಬರು ಹಾಕಿದ ಮರುವಾರ ನೀರಿನವರು ಅಗೆಯುವ ಕಥೆ ಲೋಕಕ್ಕೆಲ್ಲ ಗೊತ್ತಲ್ಲ, ಅದನ್ನು ತಡೆಯೋಕೆ ಇಂಥ ಮೇಜು ಬೇಕು. ಜೊತೆಗೆ ಪ್ರತಿ ವರ್ಷ ಮಂಡಳಿಗಳು ತಮ್ಮ ಬಜೆಟ್ ಬೇಡಿಕೆಗಳನ್ನು ಆದ್ಯತೆಯ ಪ್ರಕಾರ ಪಟ್ಟಿ ಮಾಡಿ ಕೊಡುತ್ತವೆ. ಒಂದೊಂದು ಬೇಡಿಕೆಗೂ ಸಂಬಂಧಪಟ್ಟ ಇಲಾಖೆ ಬರೆದು ಉತ್ತರಿಸುತ್ತದೆ. ಎಷ್ಟೋ ಉತ್ತರಗಳು ‘ಹಣ ಇಲ್ಲ’ ಅನ್ನುವ ಥರದವೇ. ಇರಲಿ. ಮುಂದಿನ ವರ್ಷ ಅದೇ ಕಾಗದ ಹಿಡಿದು ಮತ್ತೆ ಕೇಳಬಹುದು.

ಇವೆಲ್ಲ 1970ರ ದಶಕದಲ್ಲೇ ಯಾಕೆ ಬಲ ಪಡೆದವು? ನ್ಯೂಯಾರ್ಕ್ ತನ್ನ ಮಂಡಳಿಗಳ ಪಾತ್ರವನ್ನು ಗಟ್ಟಿ ಮಾಡಿದ್ದು 1975ರ ಸನ್ನದಿನಲ್ಲಿ, ಅಂದರೆ ನಗರಾಡಳಿತದ ಮೂಲ ಕಾನೂನಿನಲ್ಲಿ. ಪೋರ್ಟ್‌ಲ್ಯಾಂಡ್ ನಗರ ನೆರೆಹೊರೆ ಸಂಘಗಳಿಗಾಗಿಯೇ ಕಚೇರಿ ತೆರೆದಿದ್ದು 1974ರಲ್ಲಿ. ಅದಕ್ಕೂ ಮುಂಚಿನ ಇಪ್ಪತ್ತು ವರ್ಷ ಹೆದ್ದಾರಿಗೆ, ನಗರ ನವೀಕರಣಕ್ಕೆ ಅಂತ ಇಡೀ ಬಡಾವಣೆಗಳನ್ನೇ ಕೆಡವಿದ್ದರು. ಬಡವರ, ಕಪ್ಪು ಜನರ ಬಡಾವಣೆಗಳೇ ಜಾಸ್ತಿ. ಜನ ಬೀದಿಗಿಳಿದರು. 1964ರ ಬಡತನ ನಿವಾರಣೆಯ ಕಾನೂನು, ಯೋಜನೆಗಳಲ್ಲಿ ಅಲ್ಲಿನ ನಿವಾಸಿಗಳು ಸಾಧ್ಯವಾದಷ್ಟೂ ಪಾಲ್ಗೊಳ್ಳಬೇಕು ಅಂತ ಬರೆಯಿತು. 1974ರಲ್ಲಿ ಬಂದ ಕೇಂದ್ರ ಅನುದಾನದ ಕಾನೂನಿನಲ್ಲೂ ನಾಗರಿಕರ ಮಾತು ಕೇಳಬೇಕು ಅನ್ನುವ ಷರತ್ತು ಇತ್ತು. ಅಂದರೆ ಈ ಮಂಡಳಿಗಳು ಯಾವುದೋ ಮೇಯರ್ ಮನಸ್ಸು ಕರಗಿ ಕೊಟ್ಟ ಉಡುಗೊರೆಯಲ್ಲ. ಜನರ ಸಿಟ್ಟು ಅರ್ಧ, ದುಡ್ಡಿನ ಷರತ್ತು ಅರ್ಧ.

ಲಾಸ್ ಏಂಜಲೀಸಿನದು ತಡವಾಗಿ ಬಂದದ್ದು. 1990ರ ದಶಕದಲ್ಲಿ ಆ ನಗರದ್ದೇ ಭಾಗವಾದ ಸ್ಯಾನ್ ಫರ್ನಾಂಡೋ ಕಣಿವೆಯ ಜನ ‘ಸಿಟಿ ಹಾಲ್ ನಮ್ಮ ಕಡೆ ತಿರುಗಿಯೂ ನೋಡಲ್ಲ, ನಾವು ಬೇರೆ ನಗರ ಮಾಡ್ಕೋತೀವಿ’ ಅಂತ ಹೊರಟಿದ್ದರು. ಅವರನ್ನು ಉಳಿಸಿಕೊಳ್ಳುವ ದಾರಿಗಳಲ್ಲಿ ಒಂದಾಗಿ 1999ರ ಹೊಸ ಸನ್ನದಿನಲ್ಲಿ ನೆರೆಹೊರೆ ಕೌನ್ಸಿಲ್‌ಗಳು ಬಂದವು. 2002ರಲ್ಲಿ ಬೇರೆಯಾಗುವ ಪ್ರಸ್ತಾವ ಮತದಾನದಲ್ಲಿ ಸೋತಿತು. ಕೌನ್ಸಿಲ್‌ಗಳು ಉಳಿದವು, ಬೆಳೆದು 99ರಷ್ಟಾದವು. ಅಲ್ಲಿ ವಾಸವಿರುವವರು ಮಾತ್ರ ಅಲ್ಲ, ಕೆಲಸ ಮಾಡುವವರು, ಆಸ್ತಿ ಇರುವವರೂ ಮತ ಹಾಕಬಹುದು. ಪೌರತ್ವ ಕೇಳುವುದಿಲ್ಲ.

ಸಿಟಿ ಕೌನ್ಸಿಲ್ ಮುಂದೆ ಇರುವ ಯಾವುದೇ ವಿಷಯಕ್ಕೆ ಇವು ತಮ್ಮ ಅಭಿಪ್ರಾಯದ ಹೇಳಿಕೆ ಸಲ್ಲಿಸಬಹುದು. ಅದು ಆ ಕಡತಕ್ಕೆ ಸೇರುತ್ತದೆ, ಅಜೆಂಡಾದಲ್ಲೂ ಕಾಣುತ್ತದೆ. ಒಳ್ಳೆಯದೇ. ಆದರೆ ಅದಕ್ಕೆ ಡಿ.ಸಿ.ಯಲ್ಲಿರುವಂತೆ ಒಂದೊಂದಾಗಿ ಕಾರಣ ಬರೆದು ಉತ್ತರ ಕೊಡಬೇಕಾದ ಬಂಧನ ಇಲ್ಲ. ಬದಲಿಗೆ ಪ್ರತಿ ಕೌನ್ಸಿಲ್‌ಗೂ ವರ್ಷಕ್ಕಿಷ್ಟು ಅಂತ ಹಣ ಕೊಡುತ್ತಾರೆ. ಮೊದಲು ವರ್ಷಕ್ಕೆ 50 ಸಾವಿರ ಡಾಲರ್ ಇತ್ತು, ಆಮೇಲೆ ಇಳಿಸಿದರು. ಕೇಳಿದರೆ ನಾನು ಹಣಕ್ಕಿಂತ ಉತ್ತರದ ನಿಯಮವನ್ನೇ ಆರಿಸಿಕೊಳ್ಳುತ್ತೇನೆ. ಹಣವನ್ನು ಮುಂದಿನ ಬಜೆಟ್‌ನಲ್ಲಿ ಸದ್ದಿಲ್ಲದೆ ಕಡಿಮೆ ಮಾಡಬಹುದು. ಕಾನೂನಿನಲ್ಲಿರುವ ನಿಯಮ ತೆಗೆಯೋಕೆ ಬಹಿರಂಗವಾಗಿ ಕೈ ಎತ್ತಬೇಕು.

ಲಾಸ್ ಏಂಜಲೀಸಿನ ಸಭೆಗಳ ಇನ್ನೊಂದು ವಿಶೇಷ ಹೇಳಬೇಕು, ಮೊದಲ ಸಲ ಹೋದವರಿಗೆ ಅದು ಸಿಟ್ಟು ಬರಿಸುತ್ತದೆ. ಅಲ್ಲಿನ ನೆರೆಹೊರೆ ಕೌನ್ಸಿಲ್‌ಗಳು ಬ್ರೌನ್ ಕಾಯ್ದೆಗೆ, ಅಂದರೆ ಕ್ಯಾಲಿಫೋರ್ನಿಯಾದ ಬಹಿರಂಗ ಸಭೆಗಳ ಕಾನೂನಿಗೆ, ಒಳಪಡುತ್ತವೆ. ಮಾಮೂಲಿ ಸಭೆಯಾದರೆ 72 ಗಂಟೆ ಮೊದಲು ಅಜೆಂಡಾ ಹಾಕಿರಬೇಕು. ಅದರಲ್ಲಿ ಇಲ್ಲದ ವಿಷಯದ ಮೇಲೆ ತೀರ್ಮಾನ ಮಾಡುವಂತಿಲ್ಲ. ನೀವು ಎದ್ದು ನಿಂತು ಶಾಲೆಯ ಮುಂದಿನ ಅಪಾಯದ ತಿರುವಿನ ಬಗ್ಗೆ ಎರಡು ನಿಮಿಷ ಹೇಳುತ್ತೀರಿ. ಸದಸ್ಯರು ತಲೆಯಾಡಿಸುತ್ತಾರೆ, ಧನ್ಯವಾದ ಅನ್ನುತ್ತಾರೆ, ಮುಂದಿನ ಹೆಸರು ಕರೆಯುತ್ತಾರೆ. ನಿಮಗೆ ಗೋಡೆಗೆ ಹೇಳಿದ ಹಾಗಾಗುತ್ತದೆ. ನಿಜವಾಗಿ ಅವರು ಮಾಡಬಹುದಾದ್ದು, ಮುಂದಿನ ಸಭೆಯ ಅಜೆಂಡಾಕ್ಕೆ ಅದನ್ನು ಸೇರಿಸೋದು. ಸಭೆಗೆ ಬರದ ನೆರೆಯವರ ಬೆನ್ನ ಹಿಂದೆ ಏನೂ ನಿರ್ಧಾರ ಆಗಬಾರದು ಅಂತ ಈ ನಿಯಮ. ಕಿರಿಕಿರಿ ಹೌದು, ಆದರೆ ಆ ತಿರುವಿನಲ್ಲಿ ಹಂಪ್ ಬೇಡ ಅನ್ನುವವರಿಗೂ ಮೊದಲೇ ಗೊತ್ತಾಗಬೇಕಲ್ಲ.

ಗುಂಡಿ ಮುಚ್ಚಿಸಲು ಮಂಡಳಿಗೆ ಹೋಗುವುದೂ ಒಂದು ಮಾಮೂಲಿ ಗೊಂದಲ. ಅದಕ್ಕೆ ಅಮೆರಿಕದ ಎಷ್ಟೋ ನಗರಗಳಲ್ಲಿ 311 ಅನ್ನುವ ದೂರವಾಣಿ ಸಂಖ್ಯೆ ಇದೆ. ಒಂದೇ ಬೀದಿಯಿಂದ ಅದೇ ದೂರು ಮತ್ತೆ ಮತ್ತೆ ಬರುತ್ತಿದೆ, ಯಾಕೆ ಅನ್ನುವ ಪ್ರಶ್ನೆ ಬಂದಾಗ ಮಂಡಳಿಯ ಕೆಲಸ ಶುರು.

ಈಗ ನಿಮ್ಮ ಕಾಗದದಲ್ಲಿ ಇಲ್ಲದ ಒಂದು ದೂರನ್ನು ನಾನೇ ಸೇರಿಸುತ್ತೇನೆ, ನನಗೆ ಅದೇ ಜಾಸ್ತಿ ಗಂಭೀರ ಅನ್ನಿಸುತ್ತದೆ. ನೆರೆಹೊರೆಯ ಹೆಸರಿನಲ್ಲಿ ಮಾತಾಡೋರು ಯಾರು? ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮ್ಯಾಸಚೂಸೆಟ್ಸ್‌ನ ಊರುಗಳ ಯೋಜನಾ ಸಭೆಗಳ ನಡಾವಳಿಗಳನ್ನು ಓದಿ, ಮಾತಾಡಿದವರ ವಿವರವನ್ನು ಮತದಾರರ ಪಟ್ಟಿಯ ಜೊತೆ ತಾಳೆ ಹಾಕಿದರು. ಮಾತಾಡಿದವರಲ್ಲಿ ವಯಸ್ಸಾದವರು, ಗಂಡಸರು, ಸ್ವಂತ ಮನೆ ಇರುವವರು, ಬಹಳ ವರ್ಷದಿಂದ ಅಲ್ಲೇ ಇರುವವರು ಊರಿನಲ್ಲಿರುವ ಪ್ರಮಾಣಕ್ಕಿಂತ ಹೆಚ್ಚಾಗಿದ್ದರು. ಹೊಸ ಮನೆಗಳ ಪ್ರಸ್ತಾವವನ್ನು ವಿರೋಧಿಸಿದವರೇ ಅವರಲ್ಲಿ ಬಹುಪಾಲು. ಅವು ಸಲಹಾ ಮಂಡಳಿಯ ಸಭೆಗಳಲ್ಲ, ಆದರೆ ಸಂಜೆ ಏಳಕ್ಕೆ ಕರೆಯುವ ಯಾವ ಸಭೆಗೂ ಈ ಕಾಯಿಲೆ ತಗಲಬಹುದು. ಬಾಡಿಗೆ ಮನೆಯವರು, ರಾತ್ರಿ ಪಾಳಿಯವರು, ಕೈಗೂಸಿನ ತಾಯಂದಿರು ಬರುವುದಿಲ್ಲ. ಇನ್ನು ಆ ಬಡಾವಣೆಗೆ ಮುಂದೆ ಬರಬೇಕಾದವರಂತೂ ಆ ಕೋಣೆಯಲ್ಲಿ ಇರುವುದೇ ಇಲ್ಲ.

ಲಾಸ್ ಏಂಜಲೀಸಿನ ಸ್ಕಿಡ್ ರೋ ಅನ್ನುವ ಭಾಗದಲ್ಲಿ ಸಾವಿರಾರು ಜನ ಮನೆಯಿಲ್ಲದೆ ಬೀದಿಯಲ್ಲಿ, ಆಶ್ರಯಧಾಮಗಳಲ್ಲಿ ಇದ್ದಾರೆ. 2017ರಲ್ಲಿ ಅವರು ತಮ್ಮದೇ ಕೌನ್ಸಿಲ್ ಬೇಕು ಅಂತ ಮತದಾನದವರೆಗೂ ಹೋದರು. ನೂರಕ್ಕೂ ಕಡಿಮೆ ಮತಗಳ ಅಂತರದಲ್ಲಿ ಸೋತರು. ಮನೆಯೇ ಇಲ್ಲದವರು ನೆರೆಹೊರೆ ಮಂಡಳಿಗಾಗಿ ಇಷ್ಟು ಹೋರಾಡಿದರು ಅಂದಮೇಲೆ ಅದನ್ನು ಬರೀ ಅಲಂಕಾರ ಅನ್ನೋಕೆ ನನಗೆ ಮನಸ್ಸಾಗುವುದಿಲ್ಲ.

ಕಾನೂನಿನಿಂದ ಮಂಡಳಿ ಹುಟ್ಟಿಸಿದ ಮಾತ್ರಕ್ಕೆ ಅದು ಬದುಕುವುದೂ ಇಲ್ಲ. ಫ್ರಾನ್ಸ್ 2002ರಲ್ಲಿ 80 ಸಾವಿರ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಪಟ್ಟಣಗಳಿಗೆಲ್ಲ ನೆರೆಹೊರೆ ಮಂಡಳಿ ಕಡ್ಡಾಯ ಮಾಡಿತು. ಯಾರು ಸದಸ್ಯರು, ಹೇಗೆ ನಡೆಯಬೇಕು ಅನ್ನೋದನ್ನು ಮಾತ್ರ ಆಯಾ ಪಟ್ಟಣದ ಕೌನ್ಸಿಲ್‌ಗೇ ಬಿಟ್ಟಿತು. ಯಾರಿಗೆ ಸಲಹೆ ಕೊಡಬೇಕೋ ಅವರೇ ಸಲಹೆಗಾರರ ನಿಯಮ ಬರೆಯುವ ಹಾಗಾಯಿತು.

ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಸಭೆಯ ಗದ್ದಲ ನೋಡಿ ಮಂಡಳಿಯ ಬೆಲೆ ಕಟ್ಟಬೇಡಿ. ಹಿಂದಿನ ವರ್ಷದ ನಡಾವಳಿ ಕೇಳಿ. ಒಂದು ಠರಾವು ಆರಿಸಿಕೊಂಡು ಅದು ಎಲ್ಲಿಗೆ ಹೋಯಿತು ಅಂತ ಹಿಂಬಾಲಿಸಿ. ಇಲಾಖೆ ತೀರ್ಮಾನ ಮಾಡಿದ ತಾರೀಖು ಠರಾವಿನ ತಾರೀಖಿಗಿಂತ ಹಿಂದಿನದಾಗಿದ್ದರೆ ಅಲ್ಲಿಗೆ ಮುಗಿಯಿತು, ಆ ಮಂಡಳಿಯನ್ನು ಕೇಳಿದ್ದು ನಾಟಕಕ್ಕೆ. ಉತ್ತರ ಬಂದಿದ್ದರೆ ಅದರಲ್ಲಿ ಕಾರಣ ಇದೆಯಾ, ಬರೀ ‘ಗಮನಿಸಲಾಗಿದೆ’ ಅಂತ ಇದೆಯಾ ನೋಡಿ. ಒಪ್ಪದವರ ಮಾತೂ ನಡಾವಳಿಯಲ್ಲಿ ಬಂದಿದೆಯಾ ಅಂತಲೂ ನೋಡಿ. ಎಲ್ಲ ಠರಾವೂ ಸರ್ವಾನುಮತ ಅಂತಿದ್ದರೆ ನನಗಂತೂ ಅನುಮಾನ ಬರುತ್ತದೆ, ಅಷ್ಟೊಂದು ಒಗ್ಗಟ್ಟಿನ ಬೀದಿಯನ್ನು ನಾನು ನೋಡಿಲ್ಲ.

ಉತ್ತರದ ಕಾಗದಗಳೇ ಇಲ್ಲ ಅಂತಾದರೆ ‘ನಮ್ಮ ಠರಾವುಗಳಿಗೆ ಬಂದ ಉತ್ತರಗಳು’ ಅಂತಲೇ ಮುಂದಿನ ಅಜೆಂಡಾದಲ್ಲಿ ಒಂದು ವಿಷಯ ಸೇರಿಸಲು ಅಧ್ಯಕ್ಷರಿಗೆ ಬರೆದು ಕೊಡಿ. ಅಜೆಂಡಾ ಹಾಕುವ ಮೊದಲೇ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ.

– ಸಂಪಾದಕ