ಸ್ಪರ್ಧೆ ಅವರದು, ಅಡಮಾನ ಇಬ್ಬರ ಮನೆ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿರುವ ಮೈಸೂರಿನ ಹೆಣ್ಣುಮಗಳೊಬ್ಬರ ಪತ್ರ. ಗಂಡ ಅಲ್ಲಿಯವರೇ, ಮಾಜಿ ರಾಜ್ಯ ಸೆನೆಟರ್. ಹಿಂದೊಮ್ಮೆ ಅಧ್ಯಕ್ಷ ಚುನಾವಣೆಯ ಪ್ರೈಮರಿಗೆ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಗೆ, ಇಳಿದು ಮುಗ್ಗರಿಸಿದವರು; ಈಗ 2028ಕ್ಕೆ ಮತ್ತೆ ನಿಲ್ಲುವ ಆಸೆ. ಊಟದ ಹೊತ್ತಿಗೂ ಹಳೆಯ ಕ್ಯಾಂಪೇನ್ ಮ್ಯಾನೇಜರನ ಫೋನು. ‘ತಡೆಯಲೋ, ಜೊತೆಗೆ ನಿಲ್ಲಲೋ?’ ಎಂದು ಕೇಳಿದ್ದಾರೆ. ಮೂರು ಪುಟದ ತುಂಬ ಒಂಟಿತನ, ಕೊನೆಗೆ ಒಂದು ಸಾಲು: ‘ಪ್ರಚಾರಕ್ಕೆಂದು ಮನೆ ಮೇಲೆ 3 ಲಕ್ಷ ಡಾಲರ್ ಸಾಲ, ಮುಂದಿನ ವಾರ ನಾನೂ ಸಹಿ ಹಾಕಬೇಕಂತೆ.’

ತಾಯೀ, ಪತ್ರ ಶುರುವಾಗಬೇಕಿದ್ದದ್ದೇ ಆ ಸಾಲಿನಿಂದ. ಗಂಡ ಹೆಂಡತಿ ಜಗಳದಲ್ಲಿ ಮಾತಿಗಿಂತ ಸಹಿ ದೊಡ್ಡದು ಎಂದು ಈ ಅಂಕಣದಲ್ಲಿ ಹೇಳಿ ಹೇಳಿ ಓದುಗರಿಗೆ ಬೇಸರ ಬಂದಿರಬಹುದು. ಇನ್ನೊಮ್ಮೆ ಕೇಳಿ.

ಅಭ್ಯರ್ಥಿ ಸ್ವಂತ ಹಣವನ್ನು ಎಷ್ಟು ಬೇಕಾದರೂ ಸುರಿಯಬಹುದು. ಹೆಂಡತಿಯ ಹಣ ಮಾತ್ರ ಅವರ ಸ್ವಂತದ್ದಲ್ಲ. ಫೆಡರಲ್ ಚುನಾವಣಾ ಆಯೋಗದ ಲೆಕ್ಕದಲ್ಲಿ ನೀವೂ ಒಬ್ಬ ದಾನಿ; 2025–26ರ ಮಿತಿ ಒಂದು ಚುನಾವಣೆಗೆ 3,500 ಡಾಲರ್. ಅಧ್ಯಕ್ಷ ಸ್ಪರ್ಧೆಗೆ ಎಲ್ಲ ರಾಜ್ಯಗಳ ಪ್ರೈಮರಿಗಳೂ ಸೇರಿ ಒಂದೇ ಚುನಾವಣೆ. ಜಂಟಿ ಆಸ್ತಿಯಲ್ಲಿ ಪಾಲು ಇಷ್ಟೆಂದು ಆಸ್ತಿಪತ್ರದಲ್ಲಿ ಬರೆದಿರದಿದ್ದರೆ ಅರ್ಧ ಮಾತ್ರ ಅಭ್ಯರ್ಥಿಯದು. ನೀವು ಕೊಟ್ಟ ಅಂಕಿಯನ್ನೇ ನೋಡಿ: ಮನೆ ಬೆಲೆ 6 ಲಕ್ಷ, ಹಳೆಯ ಸಾಲ 2 ಲಕ್ಷ ಕಳೆದರೆ ಉಳಿದದ್ದು 4 ಲಕ್ಷ. ಅವರ ಪಾಲು 2 ಲಕ್ಷ. ಪ್ರಚಾರಕ್ಕೆ ತೆಗೆಯುವ ಸಾಲ ಅಷ್ಟರೊಳಗಿದ್ದರೆ ನಿಮ್ಮ ಸಹಿ ದೇಣಿಗೆಯಲ್ಲ. 3 ಲಕ್ಷವಾದರೆ ಮಿಕ್ಕ 1 ಲಕ್ಷ ನೀವು ಕೊಟ್ಟ ದೇಣಿಗೆಯಾಗುತ್ತದೆ, ಅದು ಕಾನೂನುಬಾಹಿರ.

ಸೋತ ಮೇಲೆ? ದೇಣಿಗೆ ಎತ್ತಿ ಸಾಲ ತೀರಿಸಬಹುದು, ಅದಕ್ಕಿದ್ದ 2.5 ಲಕ್ಷದ ಮಿತಿಯನ್ನು ಸುಪ್ರೀಂ ಕೋರ್ಟು 2022ರಲ್ಲಿ ತೆಗೆದುಹಾಕಿತು. ಸೋತವನಿಗೆ ಕೊಡುವವರು ಯಾರು? ಗಗನಯಾನಿ ಜಾನ್ ಗ್ಲೆನ್ 1984ರ ಅಧ್ಯಕ್ಷ ಪ್ರೈಮರಿಗಳಲ್ಲಿ ಸೋತು ಸುಮಾರು 30 ಲಕ್ಷ ಡಾಲರ್ ಸಾಲ ಹೊತ್ತರು. ಸೆನೆಟರ್ ಆಗಿದ್ದೂ 20 ವರ್ಷ ಆ ಲೆಕ್ಕ ಮುಚ್ಚಲಾಗಲಿಲ್ಲ.

ನಿಮ್ಮವರ ಮೇಲೆ ನನಗೆ ಸಿಟ್ಟಿಲ್ಲ. 1960ರಲ್ಲಿ ಸೋತ ನಿಕ್ಸನ್ 1968ರಲ್ಲಿ ಗೆದ್ದ ಮೇಲೆ ಯಾವ ಮಾಜಿಗೆ ಆಸೆ ಬಿಟ್ಟೀತು! ಸಿಟ್ಟು ಆ ಮ್ಯಾನೇಜರ್ ಮೇಲೆ. ಗೆಲ್ಲಲಿ ಸೋಲಲಿ, ಅವನ ಸಂಬಳ ಅವನಿಗೆ. ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಗೆ 1,000 ಡಾಲರ್ ಕಟ್ಟಿದರೆ ಮತಪತ್ರದಲ್ಲಿ ಹೆಸರು ಬರುತ್ತದೆ ಎಂದು ಹೇಳಿರುತ್ತಾನೆ. ವರ್ಜೀನಿಯಾದಲ್ಲಿ 5,000 ಮತದಾರರ ಸಹಿ, ಪ್ರತಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರದಿಂದಲೂ ಕನಿಷ್ಠ 200 ಬೇಕೆಂದು ಹೇಳಿದನೇ? ಅಲ್ಲೇ ಮನೆ ಮಾಡಿಕೊಂಡಿದ್ದ ಮಾಜಿ ಸ್ಪೀಕರ್ ನ್ಯೂಟ್ ಗಿಂಗ್ರಿಚ್ ಹೆಸರೇ 2012ರಲ್ಲಿ ಸಹಿ ಸಾಲದೆ ಮತಪತ್ರದಲ್ಲಿ ಬರಲಿಲ್ಲ.

ಆಸೆ ಪರೀಕ್ಷಿಸಲು ಮನೆ ಅಡವಿಡಬೇಕಾಗಿಲ್ಲ. ನಿಲ್ಲುವ ನಿರ್ಧಾರಕ್ಕೆ ಮೊದಲು ನೋಂದಣಿಯಿಲ್ಲದೆ ಸಮೀಕ್ಷೆ, ಓಡಾಟ, ಫೋನು ಎಲ್ಲ ಮಾಡಬಹುದು. ದೇಣಿಗೆ ಮಿತಿಯೊಳಗಿರಬೇಕು, ಲೆಕ್ಕ ಇಡಬೇಕು, ಅಷ್ಟೆ.

ತಡೆಯುವುದೂ ಬೇಡ, ಜೊತೆಗೆ ನಿಲ್ಲುವುದೂ ಬೇಡ. ಮುಂದಿನ ವಾರ ಆ ಕಾಗದಕ್ಕೆ ಸಹಿ ಹಾಕಬೇಡಿ. ಆಮೇಲೆ ಪ್ರಚಾರ ಸಮಿತಿಯ ಖಜಾಂಚಿಯಾಗು ಎಂದು ಬಂದರೆ ಅದಕ್ಕೂ ಇದೇ ಉತ್ತರ. ಖಜಾಂಚಿ ಇಲ್ಲದೆ ಸಮಿತಿ ಒಂದು ಡಾಲರ್ ಮುಟ್ಟುವಂತಿಲ್ಲ, ಹಾಗಾಗಿ ಬಂದೇ ಬರುತ್ತಾರೆ.